ಬಾವುಟದ ಹಗ್ಗ ಮತ್ತು ನನ್ನ ಓರಗಿತ್ತಿ

ನನ್ನ ಓರಗಿತ್ತಿಯ ಎಡಗೈಯಲ್ಲಿ ಹಸಿರು ಗಾಜಿನ ಬಳೆಗಳ ಜೊತೆಗೆ ಒಂದು ಗಂಡಸಿನ ವಾಚು ಇರುತ್ತಿತ್ತು. ಅದರ ಮುಖ ಒಳಗಡೆಗೆ. ಗಂಟೆ ನೋಡಬೇಕಾದರೆ ಅವಳು ಅಂಗೈ ಮೇಲು ಮಾಡಿ, ಯಾರೋ ಪ್ರಸಾದ ಹಾಕುತ್ತಾರೆಂದು ಕಾಯುವವಳಂತೆ ಒಂದು ಗಳಿಗೆ ಹಿಡಿಯುತ್ತಿದ್ದಳು. ಬಾವ, ಅಂದರೆ ನನ್ನ ಗಂಡನ ಅಣ್ಣ, ಸೇನೆಯಲ್ಲಿದ್ದವರು. ಮದುವೆಯಾದ ವರ್ಷ ತಮ್ಮ ಕೈಯ ವಾಚು ಬಿಚ್ಚಿ ಅವಳಿಗೆ ಕಟ್ಟಿ ಗಡಿಗೆ ಹೋಗಿದ್ದರು. ಮುಖ ಒಳಗಿದ್ದರೆ ಗಾಜಿನ ಹೊಳಪು ಶತ್ರುವಿನ ಕಣ್ಣಿಗೆ ಬೀಳುವುದಿಲ್ಲವಂತೆ. ಈ ರಾಗಿ ಹೊಲದಲ್ಲಿ ಯಾವ ಶತ್ರು ನಿನ್ನ ನೋಡುತ್ತಾನೆ ಎಂದು ನಾನು ಒಮ್ಮೆ ಕುಟುಕಿದ್ದೆ.

"ನೀನು ನೋಡ್ತಿದ್ದೀಯಲ್ಲ ಕಣಮ್ಮಿ" ಎಂದಿದ್ದಳು.

ಅವಳು ಹೇಳಿದ್ದು ಸರಿ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ಹೋದ ಮೇಲೂ ಅದು ಪೂರ್ತಿ ಆರಿಲ್ಲ.

ಅವಳು ಎಚ್.ಡಿ. ಕೋಟೆ ಕಡೆಯವಳು, ನಾನು ಹೊಸ ಅಗ್ರಹಾರದ ಕಾಲುವೆ ನೀರು ಕುಡಿದು ಬೆಳೆದವಳು. ಇಬ್ಬರೂ ಸೊಸೆಯರಾಗಿ ಬಂದದ್ದು ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯ ಹೊಗೆಸೊಪ್ಪಿನ ಮನೆಗೆ. ಅವಳು ಬಾವನಿಗೆ ಕ್ವಾರ್ಟರ್ಸ್ ಸಿಕ್ಕಾಗ ಸಿಕ್ಕ ಊರಿಗೆ ಹೋಗುತ್ತಿದ್ದಳು, ಸಿಗದಿದ್ದಾಗ ನಮ್ಮ ಜೊತೆ ಇರುತ್ತಿದ್ದಳು. ಅತ್ತೆಯ ಹಾಸಿಗೆ ಬದಲಿಸಿದವಳು, ಆಳುಗಳಿಗೆ ಮುದ್ದೆ ತೊಳಸಿದವಳು, ಸೊಪ್ಪು ಬೇಯಿಸುವ ಗೂಡು, ಅಂದರೆ ಬ್ಯಾರನ್‌ಗೆ ಸೌದೆ ತುಂಬಿದವಳು ನಾನು. ಹಿಂದಿ ಕಲಿತು, ಚಪಾತಿ ಉಬ್ಬಿಸುವುದು ಕಲಿತು, ಮಿಲ್ಟ್ರಿ ಕ್ಯಾಂಟೀನಿನ ಸೋಪಿನ ಘಮ ಹೊತ್ತು ಬಂದವಳು ಅವಳು.

ಬಾವ ನಿವೃತ್ತರಾಗಿ ಬಂದ ದಿನ ಊರಿಗೆ ಊರೇ ಹುಣಸೂರು ಬಸ್‌ಸ್ಟ್ಯಾಂಡಿಗೆ ಹೋಗಿತ್ತು. ಹೂವು ಕಟ್ಟಿದ ತೆರೆದ ಜೀಪಿನಲ್ಲಿ ಗಂಡ ಹೆಂಡತಿಯನ್ನು ನಿಲ್ಲಿಸಿಕೊಂಡು, ಮುಂದೆ ತಮಟೆ, ಹಿಂದೆ ಬಾವುಟ ಕಟ್ಟಿದ ಬೈಕುಗಳು. ಊರ ಬಾಗಿಲಲ್ಲಿ ಆರತಿ ಎತ್ತಬೇಕಾದವಳು ನಾನೇ, ಮನೆಗೆ ಇನ್ನೊಬ್ಬ ಸೊಸೆ ಎಲ್ಲಿದ್ದಾಳೆ? ಸೊಪ್ಪಿನ ಅಂಟು ಹತ್ತಿ ಕಪ್ಪಾದ ನನ್ನ ಕೈ ನಿಂಬೆಹಣ್ಣು ಹಾಕಿ ತಿಕ್ಕಿದರೂ ಬೆಳ್ಳಗಾಗಿರಲಿಲ್ಲ. ಆ ಕೈಯಲ್ಲಿ ತಟ್ಟೆ ಹಿಡಿದು, ಜೀಪಿನ ಮೇಲೆ ರೇಷ್ಮೆ ಸೀರೆಯುಟ್ಟು ನಿಂತವಳಿಗೆ ಬೆಳಗಿದೆ. ನನ್ನ ಗಂಡ ಅವರ ಕಬ್ಬಿಣದ ಟ್ರಂಕನ್ನು ತಲೆಯ ಮೇಲೆ ಹೊತ್ತು ಜೀಪಿನ ಹಿಂದೆ ನಡೆದು ಬಂದರು. ಟ್ರಂಕು ನಡುಮನೆಯಲ್ಲಿಳಿಸಿ, ಬೆಂಕಿ ಇಳಿದೀತೆಂದು ಬ್ಯಾರನ್ ಕಡೆಗೆ ಓಡಿದರು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಅಂದಿನಿಂದ ಪ್ರತಿ ಆಗಸ್ಟ್ ಹದಿನೈದಕ್ಕೆ ಅರಳಿಕಟ್ಟೆಯ ಮುಂದಿನ ಕಂಬದಲ್ಲಿ ಬಾವುಟ ಹಾರಿಸುವವರು ಬಾವನೇ ಆದರು. ಅವರಿಗೆ ಶಾಲು, ಮೈಸೂರು ಪೇಟ. ಅಷ್ಟಕ್ಕೆ ನಿಲ್ಲಿಸಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸೈನಿಕನ ಹೆಂಡತಿ ಊರಿಗೆ ಸೊಸೆಯಲ್ಲ, ಮಗಳು ಎಂದು ಹಿರಿಯರು ಮಾತಾಡಿಕೊಂಡು, ತವರಿಗೆ ಬಂದ ಮಗಳಿಗೆ ಕೊಡುವ ಹಾಗೆ ಅವಳಿಗೆ ಮಡ್ಲಕ್ಕಿ ತುಂಬುತ್ತಿದ್ದರು. ಅಕ್ಕಿ, ಕಾಯಿ, ಎಲೆ ಅಡಿಕೆ, ರವಿಕೆ ಕಣ. ಆಗಸ್ಟ್ ಎಂದರೆ ನಮ್ಮಲ್ಲಿ ಬ್ಯಾರನ್ ಉರಿಯುವ ಕಾಲ. ನಾನು ಸೊಪ್ಪು ಕಟ್ಟುವುದನ್ನು ಬಿಟ್ಟು ಓಡಿ ಬಂದು, ಕೊನೆಯ ಸಾಲಲ್ಲಿ ನಿಂತು, ಅವಳು ಸೆರಗೊಡ್ಡುವುದನ್ನು ನೋಡುತ್ತಿದ್ದೆ. ಆಮೇಲೆ ಆ ಮಡಿಲ ಅಕ್ಕಿಯ ಅನ್ನವನ್ನೂ ನಾನೇ ಬೇಯಿಸಬೇಕಿತ್ತು.

ಸಂಜೆ ಅವಳು ಎರಡು ಲೋಟ ಕಾಫಿ ಹಿಡಿದು ಬ್ಯಾರನ್ ಹತ್ತಿರ ಬರುತ್ತಿದ್ದಳು. ಸೌದೆಯ ದಿಮ್ಮಿಯ ಮೇಲೆ ಕುಳಿತು, ಮುಖ ಗಂಭೀರ ಮಾಡಿಕೊಂಡು ಕೇಳುತ್ತಿದ್ದಳು: "ಇವತ್ತು ಎಷ್ಟು ಉರೀತಮ್ಮಿ?"

"ಸೌದೆ ಬ್ಯಾಡ ಕಣಕ್ಕ, ಬ್ಯಾರನ್ ಒಳಿಕೆ ನನ್ನೇ ಕೂರ್ಸ್‌ಬುಡಿ."

"ಅಂಗಾರೆ ಈ ಸಲ ಸೊಪ್ಪು ಒಳ್ಳೆ ಬಣ್ಣ ಬತ್ತದೆ ಬುಡು."

ಹೀಗೆ ನಗಿಸಿಬಿಟ್ಟು, ಕತ್ತಲಾಗುವವರೆಗೆ ನನ್ನ ಪಕ್ಕದಲ್ಲಿ ಸೊಪ್ಪು ಕಟ್ಟುತ್ತಿದ್ದಳು. ಅಂಥ ಒಂದು ಸಂಜೆ, ಕೇಳದೆಯೇ ಹೇಳಿದಳು: "ನಿನ್ ಗಂಡ ಹೊತ್ತು ಮುಳುಗುತ್ಲೂವೆ ಕಾಲು ತೊಳ್ಕಂಡು ಒಳಿಕೆ ಬತ್ತಾನೆ ನೋಡು. ನಿಮ್ ಬಾವನ ಸುದ್ದಿ ಇಲ್ದಿದ್ದ ಕಾಲ್ದಲ್ಲಿ ಹಿತ್ಲಲ್ಲಿ ಆ ಚೆಂಬಿನ ಸದ್ದು ಕೇಳಿ ಎಷ್ಟು ಉರ್ಕಂಡಿವ್ನಿ ಗೊತ್ತಾ? ಗೋಡೆ ಕಡೀಕ್ ತಿರುಗಿ ಮನಿಕ್ಕಂಬುಡ್ತಿದ್ದೆ."

ಇದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತೆಂದು ಯಾರೂ ತಿಳಿಯಬೇಡಿ. ಹೊಟ್ಟೆಕಿಚ್ಚನ್ನೂ ನನಗಿಂತ ಚೆನ್ನಾಗಿ ಹೇಳುತ್ತಾಳಲ್ಲ ಎಂದು ಇನ್ನಷ್ಟು ಉರಿಯಿತು.

ಬಾವ ಒಂದು ಬೇಸಿಗೆಯಲ್ಲಿ ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ತಾಲ್ಲೂಕಿನ ಮಾಜಿ ಸೈನಿಕರು ಪದಕ ಧರಿಸಿ ಬಂದು, ಬಾವುಟ ಹೊದಿಸಿ, ಸೆಲ್ಯೂಟ್ ಹೊಡೆದು ಕಳಿಸಿಕೊಟ್ಟರು. ತಿಥಿಯ ದಿನ ಹೆಂಗಸರು ಬಳೆ ತೆಗೆಯಲು ಕುಳಿತಾಗ ಅಕ್ಕ ಸುಮ್ಮನೆ ಕೈ ಕೊಟ್ಟಳು. ಒಬ್ಬಾಕೆಯ ಬೆರಳು ವಾಚಿನ ಪಟ್ಟಿಗೆ ಹೋದಾಗ ಮಾತ್ರ ಕೈ ಹಿಂದಕ್ಕೆಳೆದುಕೊಂಡಳು. "ಬಳೆ ಊರಿಂದು, ತಕ್ಕಳಿ. ಇದು ಮಿಲ್ಟ್ರಿದು."

ಆ ವರ್ಷದ ಆಗಸ್ಟಿನಲ್ಲಿ ಬಾವುಟ ಏರಿಸುವ ಹಿಂದಿನ ದಿನ ಊರ ಯಜಮಾನರು ಬ್ಯಾರನ್ ಹತ್ತಿರ ಬಂದರು. ನಮ್ಮೂರಲ್ಲಿ ಬಾವುಟದ ಕಂಬವೂ ದೇವರೇ. ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದ ಮೇಲೇ ಹಗ್ಗ ಮುಟ್ಟುವುದು.

"ನೋಡವ್ವ" ಎಂದರು ಯಜಮಾನರು. "ಬಾವುಟ ನಿಮ್ ಮನೆಯೋರೇ ಏರಿಸ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಪೂಜೆ ಮಾಡಿದ್ ಕಂಬ. ನಿಮ್ಮಕ್ಕ ಅಗ್ಗ ಮುಟ್ಟೋದು ಬ್ಯಾಡ ಅಂತ ನಾಕು ಜನ ಅಂತಾವ್ರೆ. ನೀನು ಮುತ್ತೈದೆ, ಅದೇ ಮನೆ ಸೊಸೆ. ನೀನೇ ಎಳುದ್ಬುಡು. ಶಾಲು, ಮಡ್ಲಕ್ಕಿ ಎಲ್ಲಾ ನಿಂಗೇಯ."

ಕೆಟ್ಟ ಮನುಷ್ಯನಲ್ಲ. ನಮ್ಮ ಮನೆಯ ಮರ್ಯಾದೆ ಉಳಿಸುತ್ತಿದ್ದೇನೆಂದೇ ನಂಬಿದ್ದರು. ನಾನು ಕೊನೆಯ ಸಾಲಲ್ಲಿ ನಿಂತು ವರ್ಷ ವರ್ಷವೂ ಬಯಸಿದ್ದು ಇದನ್ನೇ, ಈಗ ಅದು ಮನೆಬಾಗಿಲಿಗೆ ಬಂದಿತ್ತು. ಸೊಪ್ಪಿನ ರಾಶಿಯ ಆಚೆ ಅಕ್ಕ ಕುಳಿತಿದ್ದಳು. ಎಲ್ಲವೂ ಕೇಳಿಸಿತ್ತು. ತಲೆ ಎತ್ತದೆ, ಕಟ್ಟಿದ ಸೊಪ್ಪನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಅದನ್ನು ನೋಡಿ ನನಗೆ ಎಲ್ಲಿತ್ತೋ ಸಿಟ್ಟು ಬಂತು.

"ಯಜಮಾನ್ರೆ, ಅಕ್ಕನ ಮ್ಯಾಲೆ ಹೊಟ್ಟೆ ಉರ್ಕಳಕ್ಕೆ ನಾನೊಬ್ಳಿವ್ನಿ, ಸಾಕು. ಊರು ಯಾಕೆ ಸೇರ್ಕತದೆ? ನಂಗೆ ಮಡ್ಲಕ್ಕಿ ಕೊಡಂಗಿದ್ರೆ ನಾನು ಗೇದಿದ್ದಕ್ಕೆ ಕೊಡಿ. ಅವಳ ಕೈ ಬರಿದಾಯ್ತು ಅಂತ ಕೊಡ್ಬ್ಯಾಡಿ. ಬಾವ ಗಡಿ ಕಾಯೋವಾಗ ಗಂಡ ಇಲ್ದೋರ ಮನೇನ ಬುಟ್ಟು ಕಾಯ್ದ್ರಾ?"

ಯಜಮಾನರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನೋಡ್ತೀನಿ ಬುಡವ್ವ" ಎಂದು ಹೊರಟುಹೋದರು.

ಮಾರನೆಯ ದಿನ ಅಕ್ಕನನ್ನೇ ಕರೆದರು. ಬಳೆಯಿಲ್ಲದ ಕೈ ಮೇಲೆತ್ತಿ ಅವಳು ಹಗ್ಗ ಜಗ್ಗಿದಾಗ ಆ ವಾಚು ಒಂದೇ ಕಾಣುತ್ತಿತ್ತು. ಬಾವುಟದೊಳಗಿನ ಹೂವು ತಲೆಯ ಮೇಲೆ ಬಿತ್ತು. ಬಾವ ಕಲಿಸಿದ ಹಾಗೆ ಸೆಲ್ಯೂಟ್ ಹೊಡೆದಳು. ಶಾಲು ಹೊದಿಸಿದರು. ಮಡ್ಲಕ್ಕಿ ಮಾತ್ರ ಕೊಡಲಿಲ್ಲ, ಅಷ್ಟಕ್ಕೆ ಊರಿಗೆ ಧೈರ್ಯ ಸಾಲಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಯಥಾಪ್ರಕಾರ ಉರಿಯಿತು.

ಸಂಜೆ ಕಾಫಿ ಬಂತು. "ಇವತ್ತು ಎಷ್ಟು?"

"ಪೂರಾ."

"ಕೊಟ್ಟಾಗ ಈಸ್ಕಬೇಕಿತ್ತು" ಎಂದು ನಕ್ಕಳು. ಆಮೇಲೆ ಲೋಟ ಪಕ್ಕಕ್ಕಿಟ್ಟು, ಕತ್ತಲಾಗುವವರೆಗೆ ನನ್ನ ಜೊತೆ ಸೊಪ್ಪು ಕಟ್ಟಿದಳು.

ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅಕ್ಕ ತೀರಿಕೊಂಡಳು. ವಾಚು ಅವಳ ಕೈಯಲ್ಲೇ ಹೋಯಿತು, ಬಿಚ್ಚಲು ನಾನು ಬಿಡಲಿಲ್ಲ. ಮಾಜಿ ಸೈನಿಕರು ಬಂದು ತಲೆ ಬಾಗಿಸಿ ನಿಂತರು. ಬಾವುಟ ಹೊದಿಸಲಿಲ್ಲ, ಹೆಂಡತಿಯರಿಗೆ ಅದು ಇಲ್ಲ.

ಈ ಆಗಸ್ಟಿನಲ್ಲಿ ಹಗ್ಗ ಎಳೆದವನು ಕೆಳಗಿನ ಬೀದಿಯಲ್ಲಿ ಹೊಸದಾಗಿ ನಿವೃತ್ತನಾಗಿ ಬಂದ ಯೋಧ. ಅವನ ಹೆಂಡತಿ ಚಿಕ್ಕ ವಯಸ್ಸಿನವಳು, ನಾಚಿಕೊಂಡು ಸೆರಗೊಡ್ಡಿದಳು. ಕೊನೆಯ ಸಾಲಲ್ಲಿ ನಿಂತಿದ್ದ ನನಗೆ ಎಂದೂ ಉರಿಯದಷ್ಟು ಉರಿಯಿತು. ಈ ಸಲ ನನಗಾಗಿ ಅಲ್ಲ. ಆ ಜಾಗ ನಮ್ಮಕ್ಕನದು.

ಸಂಜೆ ದಿಮ್ಮಿಯ ಒಂದು ಕೊನೆಗೆ ಕುಳಿತು ಸೊಪ್ಪು ಕಟ್ಟಿದೆ. ಎಷ್ಟು ಉರೀತೆಂದು ಕೇಳುವವರು ಬರಲಿಲ್ಲ. ಹೊತ್ತು ಮುಳುಗಿತು. ಹಿತ್ತಲಲ್ಲಿ ನನ್ನ ಗಂಡ ಕಾಲು ತೊಳೆದುಕೊಳ್ಳುವ ಚೆಂಬಿನ ಸದ್ದು ಕೇಳಿಸಿತು. ಈ ಮನೆಯಲ್ಲಿ ಎಷ್ಟೋ ವರ್ಷ ಬಾಳಿದರೂ ಆ ಸದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಅಕ್ಕ ಹೇಳಿದ ಮೇಲೆ ದಿನವೂ ಕೇಳುತ್ತದೆ.