ಹಾಜಿಸಾಬರ ಕ್ಯಾಸೆಟ್ಟು

ಸಿಂಧನೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಹಾಜಿಸಾಬರಿಗೆ ಗೋಡೆಯ ಮೇಲೆ ಜಾಹೀರಾತು ಬರೆಸುವುದೆಂದರೆ ಆಗದು. ಓದು ಬಾರದ ರೈತನಿಗೆ ಗೋಡೆ ಏನು ಹೇಳೀತು ಎನ್ನುವರು. ಊರೂರಿಗೂ ಟೇಪ್‌ರೆಕಾರ್ಡರ್ ಬಂದಿದ್ದ ಆ ಎಂಬತ್ತರ ದಶಕದಲ್ಲಿ ಅವರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು, ಫ್ಯಾನು ನಿಲ್ಲಿಸಿ, ಕ್ಯಾಸೆಟ್ಟಿಗೆ ಅರ್ಧ ತಾಸು ಮಾತಾಡುವರು. ಮೋಟಾರು ಯಾಕೆ ಸುಡುತ್ತದೆ, ಕಾಲುವೆಗೆ ನೀರು ಎಂದು ಬರುತ್ತದೆ, ನಡುನಡುವೆ ಹೆಂಡತಿ ಸಕೀನಾಬೀ ಮಾಡಿದ ಸಾರಿನ ಗುಣಗಾನ, ಎಲ್ಲವೂ ಅದರಲ್ಲಿ. ಅದರ ಪ್ರತಿಗಳು ಬಸ್ಸೇರಿ ಮುಕ್ಕುಂದ, ಗುರುಗುಂಟಾದ ಚಹಾ ಹೋಟೆಲುಗಳಿಗೆ ಹೋಗುವವು. ಹಾಜಿಸಾಬರು ಕೆಮ್ಮಿದರೂ ಮೂರು ತಾಲೂಕಿಗೆ ಕೇಳಿಸುತ್ತದೆ ಎಂದು ಸಕೀನಾಬೀಗೆ ಹೆಮ್ಮೆಯೋ ಹೆಮ್ಮೆ. ಒಂದು ಶುಕ್ರವಾರ ಮಾತ್ರ ಅವರು ಬೇರೆಯದನ್ನೇ ಹೇಳಿದರು: "ಹೋದ ತಿಂಗಳು ನಾ ಮಾರಿದ ಮೋಟಾರ್ ಚಾಲೂ ಮಾಡೋ ಸ್ಟಾರ್ಟರ್ ಶಾಕ್ ಹೊಡಿಯಾಕತ್ಯಾವ. ಮುಟ್ಟಬ್ಯಾಡ್ರಿ. ವಾಪಸ್ ತರ್ರಿ, ಬ್ಯಾರೆ ಕೊಡ್ತೀನಿ." ಸಕೀನಾಬೀ ಗಾಬರಿಯಾಗಿ, "ಅಂಗಡಿ ಹೆಸರು ಕೆಡ್ತೈತ್ರೀ!" ಎಂದರು. "ಇಷ್ಟು ದಿನ ನನ್ನ ಮಾತು ನಂಬ್ಯಾರ. ಈಗ ಸುಮ್ಮನಿದ್ರ ಹೆಂಗ?" ಎಂದರು ಹಾಜಿಸಾಬರು. ಸೋಮವಾರ ಬೆಳಿಗ್ಗೆ ಮುಕ್ಕುಂದದ ಗದ್ದೆಪ್ಪ ಸ್ಟಾರ್ಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಅವನ ಹಿಂದೆ ಇನ್ನೂ ಹನ್ನೊಂದು ಮಂದಿ. ಜಗಳಕ್ಕೆ ಬಂದವರು ಯಾರೂ ಇರಲಿಲ್ಲ. "ನಿಮ್ಮ ದನಿ ಕೇಳಿ ಓಡಿ ಹೋಗಿ ವೈರ್ ಬಿಚ್ಚಿದೆ ನೋಡ್ರಿ. ಅಷ್ಟೊತ್ತಿಗೆ ನನ್ನ ಮಗಳು ಗ್ಯಾನಮ್ಮ ಅದನ್ನ ಒತ್ತಾಕ ಕೈ ಚಾಚಿದ್ಳು" ಎಂದ ಗದ್ದೆಪ್ಪ. ಹಾಜಿಸಾಬರು ಎದ್ದು ಬೇರೆ ಸ್ಟಾರ್ಟರ್ ತೆಗೆದು ಅವನ ಕೈಗಿಟ್ಟರು. ಸಕೀನಾಬೀ ತಲೆ ಎತ್ತಿಕೊಂಡು ಒಳಗೆ ಹೋಗಿ ಹನ್ನೆರಡು ಮಂದಿಗೂ ಚಹಾಕ್ಕಿಟ್ಟರು.