ಎಂಜಿನ್ನಿಗಾಗಿ ಬಿಟ್ಟ ಚಹಾ

ನಮ್ಮ ಕಾಕಾ ಅರ್ಧ ದಿನ ಚಹಾ ಮುಟ್ಟದೆ ಕುಳಿತದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ, ಅದೂ ನನ್ನ ಮೋಟಾರ್ ಸೈಕಲ್ಲಿನ ಎಂಜಿನ್ನಿಗಾಗಿ. ಚಹಾದ ವಿಷಯದಲ್ಲಿ ಆತ ಯಾವ ಭಿಡೆಯನ್ನೂ ಇಟ್ಟುಕೊಂಡವನಲ್ಲ. ಯಾರದೋ ಮಣ್ಣಿಗೆ ಹೋದರೂ ಮೊದಲು ಬಾಜೂ ಮನೆಯಲ್ಲಿ ಅರ್ಧ ಕಪ್ಪು ಕುಡಿದು, ಮೀಸೆ ಒರೆಸಿಕೊಂಡು, ಆಮೇಲೆ ಬಂದು ಅಳುವ ಮನುಷ್ಯ. ಅಪ್ಪನ ಸ್ವಂತ ತಮ್ಮ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಗದರಿಸುವ ಹೊಣೆಯನ್ನು ತಾನಾಗಿಯೇ ಹೆಗಲಿಗೆ ಹಾಕಿಕೊಂಡ, ನಾವ್ಯಾರೂ ಕೇಳಿಕೊಂಡಿರಲಿಲ್ಲ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ಗುಡಗೇರಿ ಸುತ್ತಲಿನ ಹಳ್ಳಿಗಳಲ್ಲಿ ಯಾರ ಎಮ್ಮೆ ಬೆದೆಗೆ ಬಂದರೂ, ಯಾರ ಆಕಳು ಮೇವು ಬಿಟ್ಟರೂ ಫೋನು ನನಗೇ ಬರುತ್ತದೆ. ಬೆದೆಗೆ ಬಂದ ಎಮ್ಮೆ ನನ್ನ ಬಸ್ಸು ಬರುವವರೆಗೆ ತಡೆದುಕೊಂಡು ನಿಲ್ಲುವುದಿಲ್ಲ. ಸ್ಕೂಟಿಯೂ ಆಗುವುದಿಲ್ಲ, ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಅದರ ಸಣ್ಣ ಗಾಲಿಯನ್ನು ಹಿಡಿದರೆ ಬಿಡಿಸಿಕೊಳ್ಳಲು ಎತ್ತು ಹೂಡಬೇಕು. ಹಾಗಾಗಿ ಮೋಟಾರ್ ಸೈಕಲ್ ತೆಗೆದುಕೊಂಡೆ. ಅದು ಮನೆಗೆ ಬಂದ ದಿನ ಕಾಕಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಹೆಣ್ಮಕ್ಕಳು ಸ್ಕೂಟಿ ಹೊಡಿಯೂದು ನೋಡೇನಿ. ಇದೇನ ಬೇ, ಕಾಲಿಲೆ ಗೇರ್ ಒದಿಯೂದು? ಈ ಎಂಜಿನ್ ನಿನ್ನ ಕೈಯಾಗ ಉಳಿಯಂಗಿಲ್ಲ ಬಿಡು.”

ಇದನ್ನೇ ಕಟ್ಟೆಯ ಮೇಲೂ ಹೇಳಿದ, ಕಿರಾಣಿ ಅಂಗಡಿಯಲ್ಲೂ ಹೇಳಿದ. ಜೊತೆಗೆ ದಿನಾ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಉಪದೇಶ ಬೇರೆ: ಏರಿನಲ್ಲಿ ಮುಂದಕ್ಕೆ ಬಾಗಬೇಕು, ಗೇರ್ ಹಾಕುವಾಗ ಉಸಿರು ಹಿಡಿಯಬಾರದು. ನಾನು ಹೂಂ ಎಂದು ಉಸಿರು ಬಿಟ್ಟು ಗೇರ್ ಹಾಕಿ ಹೋಗುತ್ತಿದ್ದೆ.

ನಾಲ್ಕನೆಯ ತಿಂಗಳು ಆತನ ಬಾಯಿ ಹರಕೆ ಫಲಿಸಿತು. ಯರಗುಪ್ಪಿಯಲ್ಲಿ ಒಂದು ಎಮ್ಮೆ ನೋಡಿಕೊಂಡು ಮರಳುತ್ತಿದ್ದೆ. ಎಂಜಿನ್ನಿನಲ್ಲಿ ಕಟಕಟ ಸದ್ದು ಎದ್ದಿತು, ಗಾಡಿ ಎರಡು ಸಲ ಜಗ್ಗಿತು, ಆಮೇಲೆ ಎಲ್ಲವೂ ಬಿಗಿದು ನಿಂತುಬಿಟ್ಟಿತು. ಕಿಕ್ ಕೆಳಗೆ ಇಳಿಯಲೊಲ್ಲದು. ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟಿದ್ದ ಟೆಂಪೋದವನಿಗೆ ಕೈ ಮಾಡಿ, ಗಾಡಿಯನ್ನು ಚೀಲಗಳ ಮೇಲೆ ಮಲಗಿಸಿ, ದಾರಿಯುದ್ದಕ್ಕೂ ಸೀನುತ್ತ ಹುಬ್ಬಳ್ಳಿಯ ಷೋರೂಮಿಗೆ ಮುಟ್ಟಿದೆ.

ಅಲ್ಲಿಯ ಮ್ಯಾನೇಜರ್ ನವಲಗುಂದ ಕಡೆಯವನು. ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಏಲಕ್ಕಿ. ನಾನು ಸೀನುತ್ತಿದ್ದುದರಿಂದ ಎರಡು ಹೆಜ್ಜೆ ದೂರವೇ ನಿಂತ. ಎಂಜಿನ್ ಬಿಚ್ಚಲಿಲ್ಲ. ಕಿಕ್ಕನ್ನು ಒಮ್ಮೆ ಒತ್ತಿ ನೋಡಿ, “ಯಾರು ಹೊಡೀತಾರ್ರಿ ಗಾಡಿ?” ಎಂದ. “ನಾನೇ,” ಎಂದೆ. ಅವನಿಗೆ ಅಷ್ಟೇ ಸಾಕಾಯಿತು.

“ಅದಕ್ಕ ಮತ್ತ. ಕ್ಲಚ್ ಹಿಡಕೊಂಡ ಹೊಡದೀರಿ ಮೇಡಂ, ಎಂಜಿನ್ ಸುಟ್ಟೈತಿ. ವಾರಂಟಿ ಬರಂಗಿಲ್ರಿ.” ಚೀಟಿಯ ಮೇಲೂ ಹಾಗೇ ಬರೆದ: ಓಡಿಸಿದವರ ತಪ್ಪು.

ಹೊಸ ಎಂಜಿನ್ನಿನ ಖರ್ಚು ನನ್ನ ತಲೆಗೆ ಬಂದರೆ ಗಾಡಿಯ ಆಸೆಯನ್ನೇ ಬಿಡಬೇಕಿತ್ತು. ಆದರೆ ನನಗೆ ಮೈಯೆಲ್ಲ ಉರಿ ಎಬ್ಬಿಸಿದ್ದು ಆ ಎರಡು ಶಬ್ದ. ಅದು ಊರು ಮುಟ್ಟಿದರೆ ಮುಂದೆ ನಾನು ಯಾವ ಹಳ್ಳಿಗೆ ಹೋದರೂ ಎಮ್ಮೆಗಿಂತ ಮೊದಲು ಜನ ನನ್ನನ್ನೇ ಪರೀಕ್ಷೆ ಮಾಡುತ್ತಿದ್ದರು. ನಾನು ಗಾಡಿಯನ್ನು ಸರಿಯಾಗಿ ಓಡಿಸಿದ್ದೆ. ಅದು ನನಗೆ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ನನಗೊಬ್ಬಳಿಗೇ.

ಗಾಡಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಸಿಟ್ಟಿನಿಂದ ಅತ್ತೆ. ಕಾಕಾ ಸುದ್ದಿ ಕೇಳಿ, “ನಾ ಹೇಳಿದ್ನಿಲ್ಲೋ?” ಎಂದ. ಊಟಕ್ಕೆ ಕೂತಾಗ ಇನ್ನೊಮ್ಮೆ ಎಂದ. ದೊಡ್ಡವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಕೆ ನಮ್ಮ ದೊಡ್ಡಪ್ಪನ ಹೆಂಡತಿ, ಊರಿನ ಅರ್ಧ ಲಗ್ನಗಳನ್ನು ಕೂಡಿಸಿದವಳು, ಮುರಿಯಲು ಬಂದ ಕೆಲವನ್ನು ಬೆಸೆದವಳು.

“ಇದು ಒಬ್ಬಾಕಿ ಹೋಗಿ ಮಾತಾಡೂ ಕೆಲಸಲ್ಲ. ಹಿರೇರು ಹೋಗಬೇಕು,” ಎಂದಳು.

ನಮ್ಮಲ್ಲಿ ಹಿರಿಯರು ಹೋಗುವುದೆಂದರೆ ಅದಕ್ಕೊಂದು ಪದ್ಧತಿ ಇದೆ. ಹೆಣ್ಣಿನ ಮಾತಿಗೆ ಹೋಗಲಿ, ಬದುವಿನ ಜಗಳಕ್ಕೆ ಹೋಗಲಿ, ಮಾತು ಬಗೆಹರಿಯುವವರೆಗೆ ಎದುರಿನವರ ಮನೆಯ ನೀರು ಮುಟ್ಟುವುದಿಲ್ಲ. ಮುಟ್ಟಿದರೆ ಅವರ ಮಾತಿಗೆ ಒಪ್ಪಿಕೊಂಡಂತೆ. ಷೋರೂಮಿಗೂ ಇದನ್ನೇ ನಡೆಸುವುದೆಂದು ದೊಡ್ಡವ್ವ ತೀರ್ಮಾನ ಮಾಡಿದಳು. ಜೊತೆಗೊಬ್ಬ ಗಂಡಸು ಬೇಕಲ್ಲ, ಕಾಕಾ ತಾನೇ ಬರುತ್ತೇನೆಂದು ಟೋಪಿ ಹಾಕಿಕೊಂಡ. ಈತ ಮ್ಯಾನೇಜರನ ಕೈ ಹಿಡಿದು “ನಾನೂ ಇದನ್ನ ಹೇಳಿದ್ದೆ ನೋಡ್ರಿ” ಎಂದುಬಿಟ್ಟರೆ? ಚಹಾ ಕಂಡೊಡನೆ ಕೈ ಚಾಚಿದರೆ?

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ ಕುಳಿತೆವು. ಹೊಸ ಗಾಡಿಗೆ ಹಾರ ಹಾಕಿ, ಕಾಯಿ ಒಡೆದು, ಫೋಟೋ ತೆಗೆದು ಕೊಡುತ್ತಾರಲ್ಲ, ದೊಡ್ಡವ್ವ ಆರಿಸಿಕೊಂಡ ಸೋಫಾ ಆ ಜಾಗದ ಎದುರಿಗೇ ಇತ್ತು. ಸೆರಗು ಸರಿಮಾಡಿಕೊಂಡು ಮ್ಯಾನೇಜರನಿಗೆ ಹೇಳಿದಳು: “ಎಂಜಿನ್ ಬಿಚ್ಚಿ ನೋಡ್ರಿ. ನೋಡಿ ಆಮ್ಯಾಲೆ ಬರೀರಿ. ಅಲ್ಲೀತನಕ ನಾವು ಇಲ್ಲೇ ಕುಂತಿರ್ತೇವಿ. ನಮಗೇನೂ ಅವಸರಿಲ್ಲ.”

“ಕಂಪನಿ ಎಂಜಿನಿಯರ್ ಇಲ್ಲದ ಬಿಚ್ಚಾಕ ಬರಂಗಿಲ್ರಿ ಅವ್ವಾರ. ಚಾ ತಗೋರಿ ಮೊದಲ.”

“ಚಾ ಆಮ್ಯಾಲೆ ನೋಡೂಣು.”

ಮ್ಯಾನೇಜರನ ಮುಖ ಸಣ್ಣದಾಯಿತು. ನಮ್ಮ ಕಡೆಯವನೇ, ಅರ್ಥವಾಗದೆ ಇರುತ್ತದೆಯೇ. ಶುಂಠಿ ಹಾಕಿದ ಚಹಾದ ತಾಟು ಬಂದು ಕಾಕಾನ ಮೂಗಿನ ಮುಂದೆ ಹಾಯಿತು. ಕಾಕಾ ಗೋಡೆಯ ಮೇಲಿನ ಗಾಡಿಯ ಚಿತ್ರವನ್ನು ದೇವರ ಪಟ ನೋಡಿದಂತೆ ನೋಡುತ್ತ ಕುಳಿತ. ತಾಟು ಹಿಂದಿರುಗಿತು. ಮ್ಯಾನೇಜರನ ಮೇಜಿನ ಮೇಲೆ ಅವನ ಕಪ್ಪೂ ಆರುತ್ತಿತ್ತು. ಹಿರಿಯರು ಮುಟ್ಟದೆ ತಾನು ಹೇಗೆ ಕುಡಿದಾನು? ಕೆನೆಗಟ್ಟಿದ ಕಪ್ಪನ್ನು ಆಗಾಗ ನೋಡಿ ನಿಟ್ಟುಸಿರು ಬಿಡುತ್ತಿದ್ದ.

ಹೊತ್ತು ಏರಿದಂತೆ ಗಿರಾಕಿಗಳು ಬಂದರು. ಅಣ್ಣಿಗೇರಿ ಕಡೆಯ ಒಂದು ಕುಟುಂಬ ಹೊಸ ಗಾಡಿ ನೋಡುತ್ತ ನಮ್ಮ ಬಾಜೂ ಕುಳಿತಿತು. ನೀವೂ ಗಾಡಿ ತೊಗೊಳ್ಳಾಕ ಬಂದೀರೇನು ಎಂದು ಆ ಮನೆಯ ಹೆಣ್ಣುಮಗಳು ದೊಡ್ಡವ್ವನನ್ನು ಕೇಳಿದಳು. ದೊಡ್ಡವ್ವ ದನಿ ಏರಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೆ. ಯರಗುಪ್ಪಿಯ ಎಮ್ಮೆಯಿಂದ ಹಿಡಿದು ಮೆಣಸಿನಕಾಯಿ ಚೀಲದವರೆಗೆ ಒಂದನ್ನೂ ಬಿಡಲಿಲ್ಲ. ಆ ಮನೆಯ ಯಜಮಾನ ಕಾಕಾನ ಕಡೆ ತಿರುಗಿದ.

“ಗಾಡಿ ಹೆಂಗೈತ್ರಿ ಹಂಗಾರ?”

“ಗಾಡಿ ಅಗದಿ ಛಲೋ ಐತ್ರಿ,” ಎಂದ ಕಾಕಾ ಗಂಭೀರವಾಗಿ. “ನಮ್ದೂ ಭಾಳ ಛಲೋ ಓಡ್ತಿತ್ರಿ, ನಿಲ್ಲೂತನಕಾ.”

ಆ ಕುಟುಂಬ ಎದ್ದು ಹೊರಗೆ ಹೋಗಿ ತಮ್ಮತಮ್ಮಲ್ಲೇ ಮಾತಾಡತೊಡಗಿತು. ನಾನು ನಗು ತಡೆಯಲಾರದೆ ಹೆಲ್ಮೆಟ್ಟುಗಳ ಕಪಾಟಿನ ಕಡೆ ಮುಖ ಮಾಡಿದೆ. ಮ್ಯಾನೇಜರ್ ಫೋನ್ ಹಚ್ಚಿ ಮೂಲೆಗೆ ಹೋದ.

ಅಷ್ಟರಲ್ಲಿ ಕಾಕಾ ಕಾಣಲಿಲ್ಲ. “ಅಂವ ಎಲ್ಲ್ಯರೆ ಕುಡದಗಿಡದಾನು, ನೋಡ್ಹೋಗ,” ಎಂದು ದೊಡ್ಡವ್ವ ನನ್ನನ್ನು ಅಟ್ಟಿದಳು. ರಸ್ತೆಯ ಆಚೆ ಚಹಾದ ಗಾಡಿಯ ಪಕ್ಕದಲ್ಲಿ ಕಾಕಾ ಎರಡೂ ಕೈಯಿಂದ ಹಣೆ ಒತ್ತಿಕೊಂಡು ನಿಂತಿದ್ದ. ತಲೆಸಿಡಿತದಿಂದ ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಕಪ್ಪು ಇರಲಿಲ್ಲ. ನನಗೆ ಪಾಪ ಅನಿಸಿತು.

“ಕಾಕಾ, ಇದೇನ ಅವರ ಮನಿ ಚಾ ಅಲ್ಲ. ಇಲ್ಲೆ ಕುಡದ್ರ ನಡೀತೈತಿ, ಕುಡಿ.”

“ಗಂಟಲದಾಗ ಇಳಿಯಂಗಿಲ್ಲ ಬೇ. ಹಂಗ ಬರದಾನಲ್ಲ ನಿನ್ನ ಮ್ಯಾಲೆ.”

“ಊರ ತುಂಬ ನೀನೂ ಅದನ್ನ ಹೇಳಕೋತ ಬಂದಿಯಲ್ಲ!”

ಕಾಕಾ ನನ್ನನ್ನು ಬುದ್ಧಿ ಇಲ್ಲದವಳನ್ನು ನೋಡುವಂತೆ ನೋಡಿದ. “ನಾ ಅಂದ್ರ ನಾ ಮನಿಯಾಂವ. ಅಂವ ಯಾರು, ನನ್ನ ಮಗಳಿಗೆ ಅನ್ನಾಕ?”

ನನ್ನ ಬಗ್ಗೆ ಆತನಿಗಿದ್ದ ಪ್ರೀತಿಯನ್ನು ನಾನು ಅಷ್ಟು ದಿನ ಬೈಗುಳವೆಂದೇ ಕೇಳಿಸಿಕೊಂಡಿದ್ದೆ. ಇಬ್ಬರೂ ರಸ್ತೆ ದಾಟಿ ಒಳಗೆ ಬಂದೆವು.

ಮಧ್ಯಾಹ್ನದ ಊಟದ ಹೊತ್ತು ಜಾರಿದ ಮೇಲೆ ಕಂಪನಿಯ ಎಂಜಿನಿಯರ್ ಬಂದ. ಇನ್ನೊಂದು ಷೋರೂಮಿನಲ್ಲಿದ್ದನಂತೆ, ಮ್ಯಾನೇಜರ್ ಕೈಕಾಲು ಹಿಡಿದು ಕರೆಸಿದ್ದ. ನಮ್ಮೆದುರಿಗೇ ಎಂಜಿನ್ ಬಿಚ್ಚಿದರು. ಆಯಿಲ್ ಕೆಳಗೆ ಬೇಕಾದಷ್ಟಿತ್ತು, ಮೇಲೆ ಒಂದು ಹನಿ ಇರಲಿಲ್ಲ. ಆಯಿಲ್ಲನ್ನು ಮೇಲಕ್ಕೆ ತಳ್ಳುವ ಪಂಪಿನ ಹಲ್ಲುಚಕ್ರ ಮುರಿದು ಎರಡಾಗಿತ್ತು. ಎಂಜಿನಿಯರ್ ಅದನ್ನು ಬೆಳಕಿಗೆ ಹಿಡಿದು ನೋಡಿ, “ಪಾರ್ಟೇ ಕೆಟ್ಟದ್ದು ಬಂದಿದೆ. ಇದನ್ನು ಯಾರು ಓಡಿಸಿದ್ದರೂ ಹೀಗೇ ಆಗುತ್ತಿತ್ತು. ವಾರಂಟಿಯಲ್ಲಿ ಹೊಸ ಎಂಜಿನ್ ಕೊಡಿ,” ಎಂದ.

ಯಾರು ಓಡಿಸಿದ್ದರೂ. ನನಗೆ ಅಲ್ಲೇ ಒಂದು ಸಲ ಕುಣಿಯಬೇಕೆನಿಸಿತು. ದೊಡ್ಡವ್ವ ಹಳೆಯ ಚೀಟಿಯನ್ನು ಮ್ಯಾನೇಜರನ ಕೈಯಿಂದಲೇ ಹರಿದು ಹಾಕಿಸಿದಳು. ಅವನು ಹೊಸದು ಬರೆದು, ಬೆವರು ಒರೆಸಿಕೊಂಡು, ಚಹಾ ತರಲು ಕೂಗಿ, ಚೀಟಿ ಮತ್ತು ಪೆನ್ನನ್ನು ಕಾಕಾನ ಮುಂದೆ ಹಿಡಿದ. ಎಂಜಿನ್ ಬಿಚ್ಚಿದಾಗಿನಿಂದ ಅವನು ನನ್ನ ಗಾಡಿಯ ಬಗ್ಗೆ ಮಾತಾಡಿದ್ದೆಲ್ಲ ಕಾಕಾನ ಜೊತೆಗೇ.

“ಇಲ್ಲೊಂದು ಸಹಿ ಮಾಡ್ರಿ ಯಜಮಾನ್ರ. ಹೊಸ ಎಂಜಿನ್ ಕುಂದರಿಸಿದ ಮ್ಯಾಲೆ ನೀವ ಬಂದು ಒಂದು ರೌಂಡ್ ಹೊಡದ ನೋಡಿ ಒಯ್ರಿ. ಹೆಣ್ಮಕ್ಕಳಿಗೆ ಸದ್ದು ಗಿದ್ದು ತಿಳಿಯಂಗಿಲ್ಲ.”

ಕಾಕಾ ಪೆನ್ನು ಮುಟ್ಟಲಿಲ್ಲ. ತಾಟಿನಲ್ಲಿ ಚಹಾ ಹಬೆಯಾಡುತ್ತಿತ್ತು, ಅದನ್ನೂ ಮುಟ್ಟಲಿಲ್ಲ. ಅಣ್ಣಿಗೇರಿಯವರು ಮರಳಿ ಬಂದು ನಿಂತಿದ್ದರು, ಮೆಕ್ಯಾನಿಕ್ಕರೆಲ್ಲ ಸುತ್ತ ಇದ್ದರು.

“ಗಾಡಿ ಆಕೀದು, ಸಹಿ ಆಕೀದು. ಆಕೀನ ಹೊಡದ ನೋಡ್ತಾಳ,” ಎಂದ. ಆಮೇಲೆ ಕೆಮ್ಮಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ನನಗ ಸೈಕಲ್ಲೂ ಬರಂಗಿಲ್ರಿ.”

ನಾನು ದೊಡ್ಡವ್ವನ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಕಾಕಾನ ಹತ್ತಿರ ಸೈಕಲ್ ಇದೆ. ನಾನು ಕೂಸಾಗಿದ್ದಾಗಿನಿಂದ ಹೊಲಕ್ಕೆ ಹೋಗುವಾಗ, ಸಂತೆಗೆ ಹೋಗುವಾಗ ಅದನ್ನು ಕೈಯಲ್ಲಿ ಹಿಡಿದು ಬಾಜೂ ನಡೆಯುತ್ತ ಬಂದಿದ್ದಾನೆ. ಹಿಂದೆ ಮೇವಿನದೋ ಸಂತೆಯದೋ ಹೊರೆ ಇರುತ್ತದೆ, ಅದಕ್ಕೇ ಹತ್ತುವುದಿಲ್ಲ ಎಂದು ಊರೇ ತಿಳಿದಿತ್ತು.

ಯಾರೂ ನಗಲಿಲ್ಲ. ನಾನು ಸಹಿ ಮಾಡಿದೆ. ಕಾಕಾ ಆಗ ಕಪ್ಪು ಎತ್ತಿಕೊಂಡು ಅದರ ಕೆಳಗಿನ ಬಸಿಗೆ ಸುರುವಿ ಸೊರ್ರೆಂದು ಕುಡಿದ. ಮ್ಯಾನೇಜರನಿಗೆ, “ಸಕ್ಕರಿ ಕಡಿಮಿ ಆತು, ಇನ್ನೊಂದ ತರಸ್ರಿ,” ಎಂದ.