ಮೂರು ಪೇಟ, ಒಂದು ರವಿಕೆ ಕಣ

ಸ್ನೇಹಿತರೇ, ಕೋಪ ಇನ್ನೂ ಇಳಿದಿಲ್ಲ. ಒಂಟಿಕೊಪ್ಪಲ್ ಬಸ್ಸಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಹೆಣ್ಣು ಗಂಡು ಸಮಾನತೆಗೆ ನಮ್ಮ ಸರ್ಕಾರ ಏನೇನು ಮಾಡಿದೆ ಎಂದು ಕಲಿಯಲು ಇವತ್ತು ನೆರೆ ರಾಜ್ಯದ ನಾಲ್ವರು ಅಧಿಕಾರಿಗಳು ನಮ್ಮ ಕಚೇರಿಗೆ ಬಂದಿದ್ದರು. ತಂಡದ ಮುಖ್ಯಸ್ಥರು ಒಬ್ಬ ಮೇಡಂ. ಉಳಿದ ಮೂವರು ಅವರ ಕೈಕೆಳಗಿನ ಗಂಡಸರು. ಯಾರು ಯಾರೆಂದು ಪಟ್ಟಿ ಟೈಪ್ ಮಾಡಿ ನಾನೇ ನಮ್ಮ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೆ.

ಸಾಹೇಬರು ವೇದಿಕೆಯಲ್ಲಿ ಆ ಮೂವರ ತಲೆಗೂ ಮೈಸೂರು ಪೇಟ ಇಟ್ಟು ಗಂಧದ ಹಾರ ಹಾಕಿದರು. ಮೇಡಂಗೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಒಂದು ರವಿಕೆ ಕಣ!

ನಾನು ಹತ್ತಿರ ಹೋಗಿ ಮೆಲ್ಲಗೆ, "ಸಾರ್, ತಂಡಕ್ಕೆ ಅವ್ರೇ ಹೆಡ್ಡು. ಪೇಟ ಅವ್ರಿಗಲ್ವಾ?" ಎಂದೆ.

"ಹೆಂಗಸ್ರ ತಲೆಗೆ ಯಾರಾದ್ರೂ ಪೇಟ ಇಡ್ತಾರೇನಮ್ಮ? ತರ್ಸಿದ್ದೇ ಮೂರು. ನೀನು ಹೋಗಿ ಊಟ ಬಂತಾ ನೋಡು."

ಆಮೇಲೆ ಅದೇ ಬಾಯಲ್ಲಿ ಒಂದು ಗಂಟೆ ಸಮಾನತೆಯ ಭಾಷಣ. ಅದನ್ನು ಬರೆದುಕೊಟ್ಟವಳೂ ನಾನೇ.

ಹೊರಡುವಾಗ ಮೇಡಂ ತಮ್ಮ ಅರೆಬರೆ ಕನ್ನಡದಲ್ಲಿ ನನಗೆ ಹೇಳಿದರು: "ನಿಮ್ಮ ಸಾಹೇಬರಿಗೆ ಥ್ಯಾಂಕ್ಸ್ ಹೇಳಿ. ಭಾಷಣಕ್ಕೆ ಮೊದಲೇ ನಮಗೆ ಎಲ್ಲ ಗೊತ್ತಾಯ್ತು."

ಹಾಗೇ ಹೇಳಿದೆ. ಸಾಹೇಬರು ಹಿಗ್ಗಿಹೋದರು. "ನೋಡ್ದಾ! ಈ ಮಾತು ವರದೀಲಿ ಸೇರಿಸ್ಬುಡು ಕಣಮ್ಮ," ಎಂದರು.

ಸೇರಿಸಿದ್ದೇನೆ. ವೇದಿಕೆಯ ಫೋಟೊ ಸಮೇತ.